ಏಳು ಲಕ್ಷ ಕಾಲಾಳು, ಒಂದು ಕುಂಚ

ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡಿಗಾಗಿ ಅರಸರು ಸುಮಾರು ಇನ್ನೂರು ವರ್ಷ ಬಡಿದಾಡಿದರು. ಬಹಮನಿಯವರು ಮುದಗಲ್ಲು ಹಿಡಿದರೆ ವಿಜಯನಗರದವರು ಬಂದು ಬಿಡಿಸಿಕೊಳ್ಳುವರು. ಮತ್ತೆ ಅವರು, ಮತ್ತೆ ಇವರು. ಅಷ್ಟು ಸಲೀಸಾಗಿ ಯುದ್ಧ ಹೂಡಲು ಹೇಗೆ ಸಾಧ್ಯವಾಯಿತೆಂಬುದು ನನಗೆ ಈಚೆಗಷ್ಟೇ ಹೊಳೆಯಿತು. ಸೈನಿಕರಿಗೆ ಬಣ್ಣ ಹಚ್ಚುವ ಕೆಲಸ ಅವರಿಗಿರಲಿಲ್ಲ.

ನನಗಿದೆ. ಲಿಂಗಸುಗೂರಿನ ಸೋದರಳಿಯ ನನ್ನ ಮೇಲೆ ಯುದ್ಧ ಸಾರಿದ್ದಾನೆ. ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನು ನಿಲ್ಲಿಸಿ, ಟೇಪು ಹಿಡಿದು ಅಳೆದು ನಡೆಸಿ, ದಾಳ ಉರುಳಿಸಿ ಕೊಲ್ಲುವ ಆಟ. ಹುಡುಗಾಟ ಅನ್ನುವ ಹಾಗಿಲ್ಲ, ಎಚ್.ಜಿ. ವೆಲ್ಸ್‌ನಂಥ ಲೇಖಕನೇ 1913ರಲ್ಲಿ ಇಂಥ ಆಟಕ್ಕೆ ನಿಯಮ ಬರೆದು ಪುಸ್ತಕ ತಂದಿದ್ದ. 1983ರಲ್ಲಿ ಇಂಗ್ಲೆಂಡಿನಿಂದ ‘ವಾರ್‌ಹ್ಯಾಮರ್’ ಬಂದ ಮೇಲಂತೂ ರಾಕ್ಷಸರು, ಕುಳ್ಳರು, ಚೂಪುಗಿವಿಯ ಸುಂದರಾಂಗರು ಎಲ್ಲರೂ ದಂಡು ಕಟ್ಟಿದರು. ಅಳಿಯ ಸುಂದರಾಂಗರನ್ನು ತಾನಿಟ್ಟುಕೊಂಡು, ಆರ್ಕ್ ಎಂಬ ರಾಕ್ಷಸರನ್ನು ನನ್ನ ಕೈಗಿಟ್ಟ. “ಮಾವಾ, ನಿನಗ ಇವೇ ಒಪ್ತಾವ ನೋಡು.”

ನಾನಿರುವುದು ಸಿಂಧನೂರಿನಲ್ಲಿ. ನಡುದಾರಿಯ ಮಸ್ಕಿಯಲ್ಲಿ ನಮ್ಮ ಅಕ್ಕನ ಮನೆ, ಅದೇ ರಣಾಂಗಣ. ಕರಾರು ಒಂದೇ: ಬಣ್ಣವಿಲ್ಲದ ಸೈನಿಕ ಮೇಜು ಹತ್ತುವಂತಿಲ್ಲ.

ಆಳಿನ ಎತ್ತರ 28 ಮಿಲಿಮೀಟರ್, ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟು. ಅಷ್ಟರಲ್ಲೇ ಕೊಡಲಿ, ಬೆಲ್ಟು, ಬಕಲು, ಕೋರೆಹಲ್ಲು. ಸಿಂಧನೂರಿನ ಮೇ ತಿಂಗಳಲ್ಲಿ ಬಣ್ಣ ಕುಂಚದಿಂದ ಗೊಂಬೆ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಅದಕ್ಕೂ ಉಪಾಯವುಂಟು: ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್, ಪೇಪರಿನ ಮೇಲೆ ಬಣ್ಣ. ಡಬ್ಬಿ ಮಾತ್ರ ನಮ್ಮ ಮನೆಯವಳದು. “ಊಟದ ಡಬ್ಬ್ಯಾಗ ದೆವ್ವಿನ ಬಣ್ಣ ಕಲಸಾಕತ್ತೀರಲ್ರೀ!” ಎಂದಳು. ದೆವ್ವವಲ್ಲ, ಆರ್ಕ್ ಎಂದೆ. ಆ ತಿದ್ದುಪಡಿಯಿಂದ ಅನುಕೂಲವೇನೂ ಆಗಲಿಲ್ಲ.

ಮೈಗೆ ಹಸಿರು. ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲಿನ ಭತ್ತದ ಗದ್ದೆಗಳು ನಮ್ಮಲ್ಲಿರುವಾಗ ಆ ಬಣ್ಣಕ್ಕೆ ಬೇರೆ ಮಾದರಿ ಬೇಕಿಲ್ಲ. ಹಸಿರು ಒಣಗಿದ ಮೇಲೆ ತೆಳ್ಳನೆಯ ಕರಿನೀರು ಬಿಡಬೇಕು. ಅದು ಸಂದುಗೊಂದುಗಳಿಗಿಳಿದು ನೆರಳಾಗುತ್ತದೆ. ಆಮೇಲೆ ಕುಂಚಕ್ಕೆ ತಿಳಿಬಣ್ಣ ಹಚ್ಚಿ, ಬಟ್ಟೆಗೆ ಒರೆಸಿ, ಉಳಿದ ಒಂಚೂರನ್ನು ಉಬ್ಬುಗಳ ಮೇಲೆ ಸವರಿದರೆ ಬೆಳಕು ಬಿದ್ದಂತಾಗುತ್ತದೆ. ಕಾಲಡಿಯ ಬಿಲ್ಲೆಗೆ ಎರೆಮಣ್ಣು ಮೆತ್ತಿ, ರೈಸ್‌ಮಿಲ್ಲಿನ ಹೊಟ್ಟು ಉದುರಿಸಿದೆ. ಆರ್ಕ್ ಪಕ್ಕಾ ಸಿಂಧನೂರಿನವನಾದ.

ಉಳಿದದ್ದು ಕಣ್ಣು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ತಲೆತಲಾಂತರದಿಂದ ಹಗುರ ಮರದ ಗೊಂಬೆ ಕೆತ್ತಿ, ಹುಣಸೆಬೀಜದ ಅಂಟಿನಿಂದ ಹದಮಾಡಿ ಬಣ್ಣ ಬರೆಯುತ್ತ ಬಂದಿವೆ. ಅವರ ಗರುಡ ನೋಡಿದರೆ ನಾವೇ ಕಣ್ಣು ತಗ್ಗಿಸಬೇಕು. ನನ್ನ ಆರ್ಕ್‌ನ ಒಂದು ಕಣ್ಣು ಮಾನ್ವಿ ಕಡೆ, ಇನ್ನೊಂದು ಸಿರುಗುಪ್ಪದ ಕಡೆ. ಶತ್ರು ಬರುವ ಲಿಂಗಸುಗೂರು ದಿಕ್ಕೊಂದನ್ನು ಬಿಟ್ಟು ಎಲ್ಲ ಕಾಣುತ್ತಾನೆ.

1520ರಲ್ಲಿ ರಾಯಚೂರಿಗೆ ಹೊರಟ ಕೃಷ್ಣದೇವರಾಯನ ದಂಡಿನಲ್ಲಿ 7,03,000 ಕಾಲಾಳು, 551 ಆನೆ ಇದ್ದವೆಂದು ಪೋರ್ತುಗೀಸ ನೂನಿಜ್ ಬರೆದಿದ್ದಾನೆ. ವ್ಯಾಪಾರಿ, ಸ್ವಲ್ಪ ಹೆಚ್ಚಿಗೆ ಹೇಳಿರಬಹುದು. ವಾರಕ್ಕೊಬ್ಬನಂತೆ ಬಣ್ಣ ಹಚ್ಚಿದರೂ ಕಾಲಾಳುಗಳಿಗಷ್ಟೇ ಹದಿಮೂರೂವರೆ ಸಾವಿರ ವರ್ಷ ಬೇಕು. ಆನೆಗಳ ಝೂಲಾ, ಹಣೆಪಟ್ಟಿ ಬೇರೆ. ಅಷ್ಟು ಹೊತ್ತಿಗೆ ಆದಿಲ್ ಷಾಹಿಯವರು ಯಾತಕ್ಕೆ ಜಗಳವೆಂಬುದನ್ನೇ ಮರೆತಿರುತ್ತಿದ್ದರು.

ಯುದ್ಧ ಮುಂದೆ ಹೋದಷ್ಟೂ ಅಕ್ಕನ ಫೋನು ಜೋರಾಯಿತು. “ಲಡಾಯಿ ಐತೋ ಇಲ್ಲೋ ಒಂದು ಹೇಳ್ರಪ್ಪ. ಶೇಂಗಾ ಹೋಳಿಗಿ ಮಾಡಿ ಕುಂತೀನಿ.” 1915ರಲ್ಲಿ ಬಂಗಾರ ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರಿಗೆ ಅಶೋಕನ ಹೆಸರೇ ಕೊರೆದಿದ್ದ ಶಾಸನ ಸಿಕ್ಕಿದ್ದು ಇದೇ ಮಸ್ಕಿಯ ಬಂಡೆಯಲ್ಲಿ. ಯುದ್ಧ ಸಾಕೆಂದ ಅರಸನ ಊರಿನಲ್ಲಿ ಯುದ್ಧಕ್ಕೆ ಹೀಗೆ ತಗಾದೆ!

ಕೊನೆಗೆ ಹೋದೆ, ಅಂಗಿ ಜೇಬಿನಲ್ಲಿ ಒಬ್ಬನೇ ಆರ್ಕ್. ಅಳಿಯನ ಸೇನೆಯೂ ಒಬ್ಬನೇ. ಅವನಿಗೂ ಬಲಗೈ ಇನ್ನೂ ಬೂದುಬಣ್ಣ. ಹೋಳಿಗೆ ತಟ್ಟೆ ಸರಿಸಿ, ಗಡಿ ಅಳೆದು ದಾಳ ಹಾಕಿದೆವು. ಮೊದಲ ಏಟಿಗೇ ನನ್ನವನು ಸತ್ತ. ಅಕ್ಕ ಎತ್ತಿಕೊಂಡು ತಿರುಗಿಸಿ ನೋಡಿ, “ಮೆಳ್ಳಗಣ್ಣಾದ್ರೂ ಚಂದದಾನ. ಹೆಂಗೂ ಸತ್ತಾನಲ್ಲ, ಟೀವಿ ಮ್ಯಾಲ ಇಡ್ತೀನಿ, ಬಿಟ್ಟು ಹೋಗು” ಎಂದು ಸೆರಗಿನಿಂದ ಒರೆಸತೊಡಗಿದಳು. ವಾರ್ನಿಷ್ ಇನ್ನೂ ಹಸಿಯಿತ್ತು.