ಸಪ್ಪಳಿಲ್ಲದ ಜಾಗ

ನಮ್ಮ ಮನೆಗೂ ಪಕ್ಕದ ಕಾಕಾನ ಮನೆಗೂ ನಡುವೆ ಇರುವುದು ಪರಸಿ ಕಲ್ಲಿನ ಬೇಲಿ. ಶಹಾಬಾದಿ ಚಪ್ಪಡಿಗಳನ್ನು ಸಾಲಾಗಿ ನೆಲದಲ್ಲಿ ಹೂಳಿ ನಿಲ್ಲಿಸಿದರೆ ಶಹಾಪುರದಲ್ಲಿ ಬೇಲಿಯಾಯಿತು. ಅದರಲ್ಲೊಂದು ಕಲ್ಲು ಎಂದೋ ಮುರಿದು ಎದೆಮಟ್ಟಕ್ಕೆ ನಿಂತಿದೆ. ನಮ್ಮಿಬ್ಬರ ಮಾತುಕತೆಯೆಲ್ಲ ಆ ಸಂದಿಯಲ್ಲೇ. ಕಾಕಾಗೆ ಸಂದಿ ಬೇಕೇಬೇಕೆಂದೇನೂ ಇಲ್ಲ ಬಿಡಿ. ಭೀಮರಾಯನಗುಡಿ ಕ್ಯಾಂಪಿನಲ್ಲಿದ್ದು ಮೂವತ್ತು ವರ್ಷ ಕೆನಾಲಿನ ಗೇಟು ಏರಿಸಿ ಇಳಿಸಿದ ಮನುಷ್ಯ. ಮೊಬೈಲ್ ಇಲ್ಲದ ಕಾಲದಲ್ಲಿ ಈ ದಂಡೆಯಿಂದ ಆ ದಂಡೆಗೆ ಕೂಗಿ ಕೂಗಿ ಗಂಟಲು ಪಳಗಿದೆ. ಅವರು ಗುಟ್ಟು ಹೇಳಿದರೂ ಮೂರನೇ ಮನೆಯ ನಾಯಿ ಕಿವಿ ನಿಮಿರಿಸುತ್ತದೆ.

ಭೋಗಿ ದಿನ ಬೆಳಗ್ಗೆ ಆ ಸಂದಿಯಲ್ಲಿ ಅವರ ಟೋಪಿ ಕಾಣಿಸಿತು.

"ಏನ್ರಿ ಮಾಸ್ತರ, ಮುಂಜಾನಿಂದ ಪುಸ್ ಪುಸ್ ಸಪ್ಪಳ. ಸ್ಟೋ ಕೆಟ್ಟದೇನು?"

"ಸ್ಟೋ ಅಲ್ಲ ಕಾಕಾ. ಬೆಂಗಳೂರಿಂದ ಅಳಿಯ ಬಂದಾನ. ದೋಣಿಗೆ ಗಾಳಿ ಹೊಡೀಲಾಕತ್ಯಾನ."

ಹಬ್ಬ ಗುರುವಾರ ಬಿದ್ದಿತ್ತು. ಶುಕ್ರವಾರ ಒಂದು ರಜೆ ಹಾಕಿದರೆ ಐತ್ವಾರದವರೆಗೆ ನಾಲ್ಕು ದಿನ ಸೂಟಿ. ನನ್ನ ಅಕ್ಕನ ಮಗ ಎರಡು ವರ್ಷ ಅಮೆರಿಕದ ಮಿನ್ನೆಸೋಟಾದಲ್ಲಿ ನೌಕರಿ ಮಾಡಿ ಬಂದವನು. ಅಲ್ಲಿ ಕೆನಡಾ ಗಡಿಗೆ ಹತ್ತಿದ ಕಾಡಿನಲ್ಲಿ ಸಾವಿರಕ್ಕೂ ಹೆಚ್ಚು ಕೆರೆಗಳಂತೆ. ಪರ್ಮಿಟ್ ಮಾಡಿಸಿ, ಉದ್ದನೆಯ ಕಿರುದೋಣಿ ಹುಟ್ಟು ಹಾಕಿಕೊಂಡು ಒಳಗೆ ಹೋಗಿ, ದಂಡೆಯಲ್ಲಿ ಗುಡಾರ ಹೊಡೆದು ಮಲಗುವುದು. ಅದರ ಹುಚ್ಚು ಹತ್ತಿಸಿಕೊಂಡು ಬಂದಿದ್ದ. ಯಾದಗಿರಿ ಜಿಲ್ಲೆಗೆ ಭೀಮೆ, ಕೃಷ್ಣೆ ಎರಡು ಹೊಳೆಗಳಿವೆ; ಇಲ್ಲಿ ಯಾಕೆ ಆಗಬಾರದು ಎಂಬುದು ಅವನ ವಾದ. ಬೇಕಾದದ್ದು ಒಂದೇ: ನೀರಿರಬೇಕು, ಜನ ಇರಬಾರದು.

"ಅಲ್ಲಿ ಒಂದು ಗುಂಪಿನೊಳಗ ಒಂಬತ್ತು ಮಂದಿಗಿಂತ ಹೆಚ್ಚು ಬಿಡಲ್ಲಂತ ಕಾಕಾ."

"ಒಂಬತ್ತ? ನಮ್ಮೂರಾಗ ಒಂದು ಟ್ರ್ಯಾಕ್ಟರ್ ಟ್ರಾಲಿಗೆ ನಲವತ್ತು, ಕೂಸುಕುನ್ನಿ ಬಿಟ್ಟು! ಸಂಕ್ರಮಣದ ದಿನ ಹೊಳಿ ದಂಡ್ಯಾಗ ಒಬ್ಬಂವ ಕೂಡ್ತೀನಿ ಅಂದ್ರ ಜನ ದವಾಖಾನಿಗೆ ಒಯ್ತಾರ."

ಅಳಿಯ ಪಂಪು ಬಿಟ್ಟು ಬಂದು ಸಂದಿಯಲ್ಲಿ ಮೊಬೈಲ್ ಹಿಡಿದ. ಅಲ್ಲಿಂದ ಶುರುವಾಯಿತು ಕಾಕಾನ ಪಂಚಾಯಿತಿ. ಮಲಗಿದ ಬುದ್ಧನ ಬೆಟ್ಟದ ಬುಡದ ಕೆರೆ? ಫೋಟೊ ತೆಗೆಯುವವರ ಸಂತೆ. ತಿಂಥಣಿ ಮೌನೇಶ್ವರ? ಹೆಸರಿನಲ್ಲಷ್ಟೇ ಮೌನ, ನಾಳೆ ಅಲ್ಲಿ ಮುಳುಗು ಹಾಕಿದವನು ಏಳಲು ಜಾಗ ಸಿಕ್ಕಿದರೆ ಪುಣ್ಯ. ಛಾಯಾ ಭಗವತಿ? ಅದೂ ಅಷ್ಟೇ. ಯಾದಗಿರಿ ಕಡೆ ಹೋಗೋಣವೆಂದರೆ ಮೈಲಾಪುರದ ಮಲ್ಲಯ್ಯನ ಜಾತ್ರೆ. ಭಂಡಾರ ಹಾರಿ ರಸ್ತೆಯೇ ಹಳದಿ.

"ಬೋನಾಳ ಕೆರಿ?" ಅಂದ ಅಳಿಯ.

ಸುರಪುರದ ರಾಜಾ ಪಾಮನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಕೆರೆ ಅದು. ಆಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಅದನ್ನು ಇನ್ನಷ್ಟು ಸುಧಾರಿಸಿದ. ಸುರಪುರದ ಗುಡ್ಡದ ಮೇಲೆ ಅವನ ಟೇಲರ್ ಮಂಜಿಲ್ ಇವತ್ತಿಗೂ ನಿಂತಿದೆ. ಜಾಗ ಹುಡುಕುವುದರಲ್ಲಿ ಸಾಹೇಬ ನಮ್ಮ ಅಳಿಯನಿಗಿಂತ ಜಾಣ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಊರಿನ ನೆತ್ತಿಯ ಮೇಲೇ ಮನೆ ಮಾಡಿದ, ಯಾರೂ ಸುಮ್ಮನೆ ಹತ್ತಿ ಬರುವುದಿಲ್ಲ.

"ಅದು ಹಕ್ಕಿಧಾಮ ತಮ್ಮಾ. ದೋಣಿ ಇಳಿಸೋ ಹಂಗಿಲ್ಲ. ಮತ್ತ ಈಗ ಚಳಿಗಾಲ. ಹಿಮಾಲಯ ದಾಟಿ ಪಟ್ಟಿತಲಿ ಬಾತು ಬಂದಿರ್ತಾವ. ಅವು ಒದರೋದು ಕೇಳಿದಿ ಅಂದ್ರ ಬೆಂಗಳೂರಿನ ಟ್ರಾಫಿಕ್ಕೇ ಚಲೋ ಅಂತಿ."

ಅಳಿಯ ಮೊಬೈಲಿನ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿದ. ಕೃಷ್ಣೆಯ ನಡುವೆ ಹಸಿರು ತುಂಡೊಂದು, ಎರಡೂ ಕಡೆ ನೀರು. "ಇದು ನೋಡ್ರಿ. ಸುತ್ತ ಹೊಳಿ. ಯಾರೂ ಬರಂಗಿಲ್ಲ."

ಕಾಕಾ ಕನ್ನಡಕ ಏರಿಸಿ ನೋಡಿದರು. ನಗಲಿಲ್ಲ.

"ಇದು ನೀಲಕಂಠರಾಯನಗಡ್ಡಿ. ಕಕ್ಕೇರಾ ಕಡಿಗೆ. ಯಾರೂ ಬರಂಗಿಲ್ಲ ಅಂತಿ, ಅಲ್ಲಿ ಸಂಸಾರ ಮಾಡಿಕೊಂಡಿದ್ದೋರನ್ನ ಕೇಳಬೇಕಿತ್ತು. ನಾರಾಯಣಪುರ ಡ್ಯಾಮಿನ್ಯಾಗ 492.25 ಮೀಟರ್ ಮುಟ್ಟಿ ಗೇಟ್ ಎತ್ತಿದ್ರಂದ್ರ ಇಲ್ಲಿ ದಾರಿ ಬಂದ್ ಆಗ್ತಿತ್ತು. ಕಿರಾಣಿ ಇಲ್ಲ, ಗುಳಿಗಿ ಇಲ್ಲ."

ಅವರು ಹೇಳಿದ್ದು 2014ರ ಕಥೆ. ಆ ಮಳೆಗಾಲ ಹೊಳೆ ಉಕ್ಕಿ ಗಡ್ಡಿ ನೀರಿನ ನಡುವೆ ಸಿಕ್ಕಿಕೊಂಡಿತ್ತು. ತುಂಬು ಬಸುರಿಯೊಬ್ಬಳು, ಹೆರಿಗೆಗೆ ದವಾಖಾನೆ ಆಚೆ ದಂಡೆಗೆ. ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರು ಸುತ್ತಲೂ ಈಜುತ್ತಿರಲು, ಆ ಕೆಂಪು ನೀರಿಗೆ ಇಳಿದೇಬಿಟ್ಟಳು. ದಾಟಿದಳು. ಪತ್ರಿಕೆಗಳೆಲ್ಲ ಬರೆದವು, ಪರದೇಶದವೂ.

ಸೋರೆ ಬುರುಡೆ ಎಂದರೇನೆಂದು ಅಳಿಯ ಕೇಳಿದ. ಕಾಕಾ ಒಳಗೆ ಹೋಗಿ ಅಟ್ಟದಿಂದ ಒಂದನ್ನು ತಂದು ಸಂದಿಯಲ್ಲಿ ಇಟ್ಟರು: ಬೀಜಕ್ಕೆಂದು ಇಟ್ಟದ್ದು, ಮಣ್ಣಿನ ಬಣ್ಣ, ಅಲ್ಲಾಡಿಸಿದರೆ ಗಲಗಲ. ಎತ್ತಿದರೆ ಕೈಗೆ ಭಾರವೇ ಹತ್ತುವುದಿಲ್ಲ. ಅಳಿಯ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಆಮೇಲೆ ಗಡ್ಡಿಯ ಸುದ್ದಿ ಎತ್ತಲಿಲ್ಲ.

"ಮತ್ತ ಮೊಸಳಿ," ಎಂದರು ಕಾಕಾ, ಮಾತು ಹಗುರ ಮಾಡಲೆಂದು. "ಥಂಡಿಗೆ ಬಿಸಿಲು ಕಾಯ್ಲಾಕ ಬಂಡಿ ಮ್ಯಾಲ ಬರ್ತಾವ. ಸಪ್ಪಳಿಲ್ಲದ ಜಾಗ ಹುಡುಕೋದು ನೀ ಒಬ್ಬನೇ ಅಲ್ಲ."

ಕೊನೆಗೆ ದಾರಿ ತೋರಿಸಿದವರೂ ಅವರೇ. "ಹಬ್ಬದ ದಿನ ಬ್ಯಾಡ. ಶುಕ್ರವಾರ ಕರಿ. ಕರಿ ದಿನ ಯಾರೂ ಪ್ರಯಾಣ ಹೊರಡಂಗಿಲ್ಲ. ಕೊಳ್ಳೂರ ಸೇತುವೆ ಹತ್ರ ನಮ್ಮ ಬೀಗರ ಶೇಂಗಾ ಹೊಲ ಅದ, ಹೊಳಿಗೆ ಹತ್ತಿ. ಒಂದು ನರಪಿಳ್ಳಿ ಇರಲ್ಲ. ನಾ ಫೋನ್ ಮಾಡ್ತೀನಿ."

ಕರಿ ದಿನ ಮನೆ ಬಿಡಬಾರದೆಂದು ನನ್ನ ಹೆಂಡತಿ ಎಷ್ಟು ಹೇಳಬೇಕೋ ಅಷ್ಟು ಹೇಳಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಕೊಳ್ಳೂರ ಸೇತುವೆ ಮಳೆಗಾಲದಲ್ಲಿ ಮುಳುಗಿ ಪೇಪರಿನಲ್ಲಿ ಫೋಟೊ ಬರುವ ಸೇತುವೆ. ಈಗ ಹೊಳೆ ಇಳಿದು ಬಂಡೆಗಳ ನಡುವೆ ಮಡುವಾಗಿ ನಿಂತಿತ್ತು. ಮೀನು ಹಿಡಿಯುವ ಮುದುಕನೊಬ್ಬ ಹರಗೋಲನ್ನು ಕೊಡೆಯಂತೆ ತಲೆಯ ಮೇಲೆ ಬೋರಲು ಹಾಕಿಕೊಂಡು ದಂಡೆ ಹತ್ತಿ ಬಂದ. ಬಿದಿರಿನ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಚೀಲ, ಅದಕ್ಕೆ ಡಾಂಬರು. ಮೊದಲಿಗೆ ಇದಕ್ಕೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಬುಟ್ಟಿಯಂಥ ಈ ದೋಣಿಗಳಲ್ಲಿ ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆಂದು ಬೆರಗಾಗಿ ಬರೆದಿಟ್ಟಿದ್ದಾನೆ. ಮುದುಕ ನಮ್ಮ ಗಾಳಿದೋಣಿಯನ್ನು ಬೆರಳಿನಿಂದ ಒತ್ತಿ ನೋಡಿ, "ಮುಳ್ಳು ಚುಚ್ಚಿದ್ರ?" ಎಂದ. ಅಳಿಯ ಪಂಕ್ಚರ್ ಪಟ್ಟಿ ತೋರಿಸಿದ. "ನಮ್ದೂ ಹಂಗೇ, ಡಾಂಬರ್ ಹಚ್ಚತೀವಿ," ಎಂದು ಮುದುಕ ಸೈಕಲ್ ಹತ್ತಿ ಹೋದ.

ಆಮೇಲೆ ನಿಜವಾಗಿಯೂ ಯಾರೂ ಇರಲಿಲ್ಲ. ಹುಟ್ಟಿನ ತುದಿಯಿಂದ ಹನಿ ಬೀಳುವುದು ಕೇಳುತ್ತಿತ್ತು. ಹೊತ್ತು ಮುಳುಗಿ, ಬಂಡೆಗಳು ಕರಿ ಎಮ್ಮೆಗಳಂತೆ ಕಂಡು, ಆಮೇಲೆ ಕಾಣದಾದವು. ಗುಡಾರದ ಬಾಯಲ್ಲಿ ಕೂತು ರೊಟ್ಟಿ ಮುರಿಯುವ ಸದ್ದಿಗೂ ನಾಚಿಕೆಯಾಗುವಷ್ಟು ಮೌನ. "ಮಾಮಾ, ಇದಕ್ಕೇ ನೋಡು ನಾ ಬಂದಿದ್ದು," ಎಂದು ಅಳಿಯ ಪಿಸುಗುಟ್ಟಿದ.

ಒಂಬತ್ತೂಕಾಲಿಗೆ ಹೊಲದ ಬದುವಿನಿಂದ ಸಿಡಿಲು ಬಡಿದಂತೆ: "ಹೋಯ್! ಹೋಯ್ ಹೋಯ್! ಯಾವಂವಲೇ ಅಂವಾ? ಬಂದೆ ತಡಿ!" ಹಿಂದೆಯೇ ಡಬ್ಬಿ ಬಡಿತ, ನಾಯಿ ಬೊಗಳು.

ನಾವಿಬ್ಬರೂ ಕೈ ಎತ್ತಿ ನಿಂತುಬಿಟ್ಟೆವು. ಬೀಗರ ಹೆಸರು ಹೇಳಿದೆ, ಕಾಕಾನ ಹೆಸರು ಹೇಳಿದೆ. ಇಪ್ಪತ್ತು ಸೆಕೆಂಡು ಸುಮ್ಮನಿದ್ದು ಮತ್ತೆ ಅದೇ ಹೋಯ್, ಅದೇ ಡಬ್ಬಿ, ಅದೇ ನಾಯಿ. ಟಾರ್ಚ್ ಬಿಟ್ಟು ನೋಡಿದರೆ ಬದುವಿನ ಜಾಲಿಗಿಡಕ್ಕೆ ಕಟ್ಟಿದ ಬ್ಯಾಟರಿ ಸ್ಪೀಕರ್. ಕಾಡುಹಂದಿ ಶೇಂಗಾ ಕೆದರಬಾರದೆಂದು ರಾತ್ರಿಯಿಡೀ ತಾನೇ ಕೂಗಿಕೊಳ್ಳುವ ಯಂತ್ರ. ಆರಿಸೋಣವೆಂದರೆ ಬೇರೆಯವರ ಬೆಳೆ. ದೋಣಿ ಹತ್ತಿ ಮಡುವಿನ ನಡುವಿಗೆ ಹೋದೆವು; ನೀರಿನ ಮೇಲೆ ಇನ್ನೂ ಸ್ಪಷ್ಟ ಕೇಳಿಸಿತು. ಬೆಳಗಿನ ಐದಕ್ಕೆ ಬ್ಯಾಟರಿ ಇಳಿದು ಧ್ವನಿ ಎಳೆದೆಳೆದು ಬರತೊಡಗಿದಾಗ, ಇದನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು.

ಶನಿವಾರ ಮನೆಗೆ ಬಂದು ದೋಣಿಯ ಗಾಳಿ ಬಿಡುತ್ತಿರುವಾಗ ಸಂದಿಯಲ್ಲಿ ಟೋಪಿ.

"ಜಾಗ ಹ್ಯಾಂಗಿತ್ರಿ ಮಾಸ್ತರ? ನರಪಿಳ್ಳಿ ಇರಲಿಲ್ಲ ಹೌದಲ್ಲೋ?"

"ಇರಲಿಲ್ಲ ಕಾಕಾ. ಆದ್ರ ಆ ಸ್ಪೀಕರ್—"

"ಹಾಂ, ಹಾಂ!" ಕಾಕಾನ ಮುಖ ಅರಳಿತು. "ಸ್ವಚ್ಛ ಕೇಳ್ತಿತ್ತಲ್ಲ? ನಂದೇ ಅದು. ಹ್ವಾದ ವರ್ಷ ಬೀಗರು ಮನಿಗೆ ಬಂದು ಮೂರು ಸಲ ಒದರಿಸಿ ರೆಕಾರ್ಡ್ ಮಾಡ್ಕೊಂಡು ಹೋದ್ರು. ನಾಯಿದು ಮಾತ್ರ ಬ್ಯಾರೆ."