ಸಾಹೇಬ್ರು ಪಕ್ಕದ ಕೋರ್ಟಿನಲ್ಲಿದ್ದಾರೆ

ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರ ಪುರುಷೋತ್ತಮ ಎಂಥೆಂಥ ಖದೀಮರನ್ನೋ ಹಿಡಿದವನು. ಆದರೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮುಂಬಯಿ ಫೋರ್ಟಿನಲ್ಲಿ ನಮ್ಮ ಕಡೆಯ ಒಬ್ಬ ವಕೀಲರನ್ನು ಹುಡುಕಿಕೊಡಪ್ಪಾ ಅಂದಿದ್ದರೆ, ಸಂಜೆಯೊಳಗೆ ಕೈಮುಗಿದು, ಮರುದಿನ ಬೆಳಿಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಬಿಡುತ್ತಿದ್ದ.

ಈ ವಕೀಲರಿಗೆ ಹೆಸರು ಬೇಡ. ಎಲ್ಲರೂ ಕರೆಯುವುದು ಸಾಹೇಬ್ರು ಅಂತಲೇ. ಮುಂಬಯಿಯಲ್ಲಿ ಕೋರ್ಟುಕಚೇರಿ ಹತ್ತಿದ ಕನ್ನಡಿಗರಲ್ಲಿ ಇವರ ಪರಿಚಯ ಇಲ್ಲದವರು ಕಡಿಮೆ, ಇವರನ್ನು ಕೋರ್ಟಿನೊಳಗೆ ಕಂಡವರು ಇನ್ನೂ ಕಡಿಮೆ. ಬಾರ್ ರೂಮಿಗೆ ಹೋದರೆ ಮೂಲೆಯ ಕುರ್ಚಿಯ ಬೆನ್ನಿಗೆ ಕರಿಕೋಟು ತೂಗುತ್ತಿರುತ್ತದೆ. ಮೇಜಿನ ಮೇಲೆ ಕನ್ನಡಕದ ಪೆಟ್ಟಿಗೆ, ಪಕ್ಕದಲ್ಲಿ ಅರ್ಧ ಕುಡಿದ ಕಟಿಂಗ್ ಚಾ. ಇಷ್ಟೆಲ್ಲ ಇರುವಾಗ ಮನುಷ್ಯ ಇಲ್ಲೇ ಎಲ್ಲೋ ಇರಬೇಕು ಎಂದು ಕಕ್ಷಿದಾರ ಬೆಂಚಿನ ಮೇಲೆ ಕೂರುತ್ತಾನೆ. ಅದು ಸಾಹೇಬ್ರ ಎರಡನೇ ಕೋಟು ಎನ್ನುವುದು ಗುಮಾಸ್ತನಿಗೆ ಗೊತ್ತು. ಕನ್ನಡಕದ ಪೆಟ್ಟಿಗೆ ಖಾಲಿ. ಚಾ ಯಾರದ್ದೋ.

ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಒಂದು ಪಗಡಿ ಬಾಡಿಗೆಯ ಕೇಸು ಇದೆ ಅಂದುಕೊಳ್ಳಿ. ಗಿರ್ಗಾಂವ್ ಚಾಳಿನ ಒಂದು ಖೋಲಿ, ಒಬ್ಬ ಮನೆಮಾಲೀಕ, ಒಬ್ಬ ಬಾಡಿಗೆದಾರ. ಪುಕಾರಾ ಆದ ಕೂಡಲೇ ಜೂನಿಯರ್ ಹುಡುಗಿ ಎದ್ದು ನಿಂತು, “ಸೀನಿಯರ್ ಹೈಕೋರ್ಟಿನಲ್ಲಿ ವಾದ ಮಾಡ್ತಿದ್ದಾರೆ, ದಯವಿಟ್ಟು ಸ್ವಲ್ಪ ಕೀಪ್ ಬ್ಯಾಕ್” ಎನ್ನುತ್ತಾಳೆ. ಅದೇ ಗಳಿಗೆಯಲ್ಲಿ ಹೈಕೋರ್ಟಿನಲ್ಲಿ ಇನ್ನೊಬ್ಬ ಜೂನಿಯರ್, ಸೀನಿಯರ್ ಸ್ಮಾಲ್ ಕಾಸಸ್‌ನಲ್ಲಿ ಕ್ರಾಸ್ ಮಾಡುತ್ತಿದ್ದಾರೆಂದು ತಲೆಬಾಗಿಸಿ ನಿಂತಿರುತ್ತಾನೆ. ಇಬ್ಬರ ಮಾತೂ ನಂಬುವಂಥದ್ದೇ. ಸಾಹೇಬ್ರು ಮಾತ್ರ ಎರಡು ಕೋರ್ಟಿನ ನಡುದಾರಿಯ ಉಡುಪಿ ಹೋಟೆಲಿನಲ್ಲಿ ಎದುರು ಪಕ್ಷದ ವಕೀಲರ ಜೊತೆ ಒಂದು ಮಸಾಲೆ ದೋಸೆ ಹಂಚಿಕೊಳ್ಳುತ್ತಿರುತ್ತಾರೆ. ಎದುರು ಪಕ್ಷದವರೂ ಬೇರೆ ಕೋರ್ಟಿನಲ್ಲಿ ‘ವಾದ ಮಾಡುತ್ತಿರುವವರೇ’. ಇವತ್ತು ಇವರಿಗೆ ಅವರು ಆಕ್ಷೇಪ ಎತ್ತುವುದಿಲ್ಲ, ಮುಂದಿನ ತಾರೀಖಿಗೆ ಅವರಿಗೆ ಇವರು ಎತ್ತುವುದಿಲ್ಲ. ಕೋರ್ಟಿನ ದಿನಚರಿಯಾದ ರೋಜನಾಮಾದಲ್ಲಿ ಒಂದು ಸಾಲು ಬೀಳುತ್ತದೆ, ಖೋಲಿಯ ಗೋಡೆಯಿಂದ ಇನ್ನೊಂದಿಷ್ಟು ಗಾರೆ ಬೀಳುತ್ತದೆ. ಜಡ್ಜ್ ಸಾಹೇಬರಿಗೆ ಇದು ತಿಳಿಯದೇ? ಅವರೂ ಒಂದು ಕಾಲದಲ್ಲಿ ಪಕ್ಕದ ಕೋರ್ಟಿನಲ್ಲಿದ್ದವರೇ.

ಓವಲ್ ಮೈದಾನಕ್ಕೆ ಮುಖಮಾಡಿ ನಿಂತ ಹೈಕೋರ್ಟು ಕಟ್ಟಡ ಮುಗಿದದ್ದು 1878ರಲ್ಲಿ. ಅದರ ಕಲ್ಲಿನಲ್ಲಿ ಕೊರಳಿಗೆ ವಕೀಲರ ಬಿಳಿಪಟ್ಟಿ ಕಟ್ಟಿಕೊಂಡ ಒಂದು ನರಿ ಇದೆ, ಒಂದೇ ಕಣ್ಣಿಗೆ ಬಟ್ಟೆ ಕಟ್ಟಿ ತಕ್ಕಡಿ ಹಿಡಿದ ಕೋತಿಯೂ ಇದೆ. ಶಿಲ್ಪಿಗೆ ಯಾರ ಮೇಲೆ ಸಿಟ್ಟಿತ್ತೋ ದೇವರೇ ಬಲ್ಲ. ಆದರೆ ಆ ನರಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅಂದಿನಿಂದ ಇಂದಿನವರೆಗೆ ಅದು ಒಂದು ದಿನವೂ ಗೈರುಹಾಜರಾಗಿಲ್ಲ.

ಸಾಹೇಬ್ರನ್ನು ಸುಮ್ಮನೆ ಬೈಯುವಂತಿಲ್ಲ ಬಿಡಿ. ಹದಿಮೂರರ ವಯಸ್ಸಿಗೆ ಊರು ಬಿಟ್ಟು ಬಂದವರು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿದವರು. ಈ ನಗರದ ಎಷ್ಟೋ ಕನ್ನಡಿಗರು ವಕೀಲರೂ ಲೆಕ್ಕಪರಿಶೋಧಕರೂ ಆದದ್ದು ಆ ರಾತ್ರಿಶಾಲೆಗಳ ಮಂದ ದೀಪದಲ್ಲೇ. ಗಲ್ಲೆಯ ಮೇಲಿದ್ದ ಧಣಿ ಕೇಳಿದರೆ ಹುಡುಗ ಶಾಲೆಯಲ್ಲಿದ್ದಾನೆ, ಮೇಷ್ಟ್ರು ಕೇಳಿದರೆ ಹೋಟೆಲಿನಲ್ಲಿದ್ದಾನೆ. ಅವನೋ, ಎರಡೂ ಕಡೆ ಹಾಜರಿ ಹಾಕಿಸಿ ಗೇಟಿನ ಕಟ್ಟೆಯ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದ. ಏಕಕಾಲಕ್ಕೆ ಎರಡು ಕಡೆ ಇರುವ ವಿದ್ಯೆಯನ್ನು ಅವರಿಗೆ ಯಾವ ಲಾ ಕಾಲೇಜೂ ಕಲಿಸಬೇಕಾಗಿರಲಿಲ್ಲ.

ಈಗಂತೂ ಸರ್ಕಾರವೇ ಅವರ ಅನುಕೂಲ ನೋಡುತ್ತಿದೆ. ಮೊದಲು ಕಿಲ್ಲಾ ಕೋರ್ಟು, ಬಾಂದ್ರಾ, ಅಂಧೇರಿ, ದಿಂಡೋಶಿ ಅಂದರೆ ಮುಗಿಯುತ್ತಿತ್ತು, ಹೆಚ್ಚೆಂದರೆ ಸಾಹೇಬ್ರು ನಾಗಪುರದ ಪೀಠಕ್ಕೋ ಪಣಜಿಗೋ ಹೋಗಿದ್ದಾರೆ ಎನ್ನಬಹುದಿತ್ತು. 2025ರ ಆಗಸ್ಟ್‌ನಿಂದ ಕೊಲ್ಹಾಪುರದಲ್ಲೂ ಹೈಕೋರ್ಟಿನ ಪೀಠ ಕೂತಿದೆ. ಹೊಸ ಹೈಕೋರ್ಟು ಕಟ್ಟಡಕ್ಕೆ ಬಾಂದ್ರಾ ಪೂರ್ವದಲ್ಲಿ 2024ರಲ್ಲೇ ಭೂಮಿಪೂಜೆ ಆಗಿದೆ. ಅದು ಎದ್ದ ಮೇಲೆ ಫೋರ್ಟಿಗೂ ಬಾಂದ್ರಾಕ್ಕೂ ನಡುವೆ ಒಬ್ಬ ಮನುಷ್ಯ ಎಷ್ಟು ವರ್ಷ ಬೇಕಾದರೂ ಪ್ರಯಾಣದಲ್ಲಿರಬಹುದು. ವಿಡಿಯೋ ವಿಚಾರಣೆ ಬಂದಾಗ ಒಮ್ಮೆ ಸಿಕ್ಕಿಬೀಳುತ್ತಾರೆ ಎಂದು ಎಲ್ಲರೂ ಕಾದರು. ಪರದೆಯ ಮೇಲೆ ಹೆಸರು ಬಂತು, ಬಿಳಿಪಟ್ಟಿಯೂ ಬಂತು, ಬಾಯಿಯೂ ಆಡಿತು, ಸದ್ದು ಬರಲಿಲ್ಲ.

ಈ ಇಡೀ ನಾಟಕದಲ್ಲಿ ರಹಸ್ಯ ಎನ್ನುವುದು ಕಕ್ಷಿದಾರನೊಬ್ಬನಿಗೆ ಮಾತ್ರ. ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತನೆಂದು ಭಾವಿಸಬಹುದು ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು, ಅದರ ಜಾಗಕ್ಕೆ ಬಂದ 2023ರ ಕಾಯ್ದೆಯೂ ಆ ಮಾತನ್ನು ಉಳಿಸಿಕೊಂಡಿದೆ. ಸಾಹೇಬ್ರಿಗೆ ಕಲಂ ಬಾಯಿಪಾಠ. ಅದಕ್ಕೇ ವರ್ಷಕ್ಕೊಮ್ಮೆ ಚೌತಿಯ ಹಿಂದಿನ ದಿನ ತಾವಾಗಿ ಫೋನ್ ಮಾಡುತ್ತಾರೆ: “ಏನು ಶೆಟ್ರೇ, ಆರಾಮಾ? ನಿಮ್ಮ ಕೇಸಿನದ್ದೇ ಯೋಚನೆ ಮಾಡ್ತಿದ್ದೆ.” ಫೀಸಿನ ಮಾತು ಅವರು ಎತ್ತುವುದಿಲ್ಲ, ಸಂಜೆ ಗುಮಾಸ್ತ ಎತ್ತುತ್ತಾನೆ.

ಕಾದು ಕಾದು ರೋಸಿದ ಅಂಥ ಶೆಟ್ರೊಬ್ಬರು ಮೊನ್ನೆ ಜೂನಿಯರ್ ಹುಡುಗಿಯನ್ನು ಕೋರ್ಟಿನ ಮೆಟ್ಟಿಲಲ್ಲೇ ತಡೆದು ನಿಲ್ಲಿಸಿದರು.

“ಅಲ್ಲ ಮಗಾ, ಕಾಣೆಯಾದವರನ್ನು ತಂದು ಹಾಜರು ಮಾಡಿಸುವ ಅರ್ಜಿ ಒಂದು ಉಂಟಲ್ಲ, ಎಂಥದ್ದು ಅದು?”

“ಹೇಬಿಯಸ್ ಕಾರ್ಪಸ್.”

“ಅದನ್ನು ನಿಮ್ಮ ಸಾಹೇಬ್ರ ಮೇಲೆ ಹಾಕ್ಲಿಕ್ಕೆ ಆಗ್ತದಾ?”

ಹುಡುಗಿ ನಗಲಿಲ್ಲ. ಪಾಪ, ಅವಳಿಗೂ ನಾಲ್ಕು ತಿಂಗಳ ಸ್ಟೈಪೆಂಡ್ ಬರಬೇಕಿತ್ತು. “ಹಾಕಬಹುದು ಅಂಕಲ್, ನಾನೇ ಡ್ರಾಫ್ಟ್ ಮಾಡಿಕೊಡ್ತೇನೆ” ಅಂದಳು. “ಆದ್ರೆ ನಮ್ಮ ಆಫೀಸಿನಿಂದ ಏನೇ ಹಾಕುವುದಿದ್ದರೂ ವಕಾಲತ್ತಿಗೆ ಸಾಹೇಬ್ರದ್ದೇ ಸೈನ್ ಆಗ್ಬೇಕು.”