ನಿವೃತ್ತ ಷೇರುಶೂರ

ನಿವೃತ್ತ ಷೇರುಶೂರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಅರವತ್ತು ತುಂಬಿದ ಮೇಲೆ, ಪಿಎಫ್, ಗ್ರ್ಯಾಚುಯಿಟಿ, ರಜೆ ನಗದೀಕರಣ ಎಲ್ಲವೂ ಒಟ್ಟಿಗೆ ಖಾತೆಗೆ ಬಿದ್ದ ವಾರದಲ್ಲಿ. ಅಲ್ಲಿಯವರೆಗೆ ಆತ ಪೆಟ್ರೋಲಿನ ಲೆಕ್ಕವನ್ನೂ ಡೈರಿಯಲ್ಲಿ ಬರೆದಿಟ್ಟ ಮನುಷ್ಯ. ಬ್ಯಾಂಕಿನಲ್ಲಿದ್ದವನಾದರೆ, ಒಂದು ಸಹಿ ಕಡಿಮೆಯಾಯಿತೆಂದು ಊರವರ ಸಾಲದ ಅರ್ಜಿಗಳನ್ನು ವಾಪಸ್ ಕಳಿಸಿದವನು. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಈತನ ಸಂತತಿ ಹೆಚ್ಚು. ಮುಂಜಾನೆ ಪಾರ್ಕಿನ ಬೆಂಚು, 9.15ರಿಂದ 3.30ರವರೆಗೆ ಟಿವಿಯಲ್ಲಿ ಷೇರುಪೇಟೆ.

ರೋಗದ ಮೂಲ 1993ರಲ್ಲಿದೆ. ಆ ವರ್ಷ ಇನ್ಫೋಸಿಸ್ 95 ರೂಪಾಯಿಗೆ ಷೇರು ಕೊಟ್ಟಾಗ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಅರ್ಜಿ ಹಾಕದವರಲ್ಲಿ ತಾನೂ ಒಬ್ಬನೆಂಬ ಸಂಕಟ ಈತನಿಗೆ ಇನ್ನೂ ಇಳಿದಿಲ್ಲ. 2008ರ ಜನವರಿಯಲ್ಲಿ ಜನ ಮುಗಿಬಿದ್ದು 450 ರೂಪಾಯಿಯ ರಿಲಯನ್ಸ್ ಪವರ್ ಷೇರಿಗೆ ಅರ್ಜಿ ಹಾಕಿದ್ದು, ವಹಿವಾಟಿನ ಮೊದಲ ದಿನವೇ ಅದು ಕೆಳಗಿಳಿದದ್ದು ಮಾತ್ರ ಪಾರ್ಕಿನಲ್ಲಿ ಪ್ರಸ್ತಾಪವಾಗುವುದಿಲ್ಲ.

ಈತನ ಅತ್ಯಂತ ಅಪಾಯಕಾರಿ ಚಟುವಟಿಕೆ ‘ಆವರೇಜ್’. ಇದು ನಡೆಯುವುದು ಗೇಟಿನ ಬಳಿ, ಪಕ್ಕದ ಮನೆಯವರು ಆಫೀಸಿಗೆ ಹೊರಡುವ ಹೊತ್ತಿಗೆ. ನಲವತ್ತು ರೂಪಾಯಿಯಂತೆ ಸಾವಿರ ಷೇರು ಕೊಂಡದ್ದನ್ನು ಮೊದಲ ಕಂತಿನಲ್ಲಿ ತಿಳಿಸಲಾಗುತ್ತದೆ. ಬೆಲೆ ಇಪ್ಪತ್ತಕ್ಕೆ ಬಂದಾಗ ಎರಡು ಸಾವಿರ, ಹತ್ತಕ್ಕೆ ಬಂದಾಗ ನಾಲ್ಕು ಸಾವಿರ. “ಈಗ ನನ್ನ ಆವರೇಜು ಬರೀ ಹದಿನೇಳು!” ಎನ್ನುವಾಗ ಮುಖದಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬಂದವರ ಸಂತೃಪ್ತಿ. ಷೇರು ಅಷ್ಟರಲ್ಲಿ ನಾಲ್ಕು ರೂಪಾಯಿಯಲ್ಲಿರುತ್ತದೆ. ಹೂಡಿದ 1,20,000ದಲ್ಲಿ ಉಳಿದದ್ದು 28,000. ಅಸಲು ಹುಟ್ಟಬೇಕಾದರೂ ಬೆಲೆ ನಾಲ್ಕು ಪಟ್ಟು ಮೀರಿ ಏರಬೇಕು. ಕೇಳುಗರು ಹೆಲ್ಮೆಟ್ ಹಾಕಿಕೊಂಡು ಕಿವುಡು ನಟಿಸಿದರೆ ಪ್ರಯೋಜನವಿಲ್ಲ. ವೈಸರನ್ನು ಸ್ವತಃ ಮೇಲೆತ್ತಿ ಮಾತು ಮುಂದುವರಿಸಿದ ನಿದರ್ಶನವಿದೆ. ಅದೂ ಮಳೆಯಲ್ಲಿ.

ಮಾರಿಬಿಡಿ ಎಂಬ ಸಲಹೆಯೂ ತಡವಾದದ್ದೇ. ಇಂಥ ಷೇರು ಬೀಳುವುದು ಲೋಯರ್ ಸರ್ಕ್ಯೂಟ್‌ನಲ್ಲಿ: ದಿನಕ್ಕೆ ಐದು ಪರ್ಸೆಂಟ್ ಇಳಿದೊಡನೆ ಮಿತಿ ಮುಟ್ಟುತ್ತದೆ, ಮಾರುವವರ ಸಾಲು ಬೆಳೆಯುತ್ತದೆ, ಕೊಳ್ಳುವವರ ಕಡೆ ಸೊನ್ನೆ. ನಷ್ಟಕ್ಕೆ ಗಡಿ ಹಾಕುವ ಸ್ಟಾಪ್‌ಲಾಸ್ ಕೂಡ ಕೊಳ್ಳುವವನಿಲ್ಲದೆ ಕೆಲಸ ಮಾಡದು.

ಆಪ್ಷನ್ಸ್‌ಗೆ ಇಳಿಯುವ ಉಪಪಂಗಡವೂ ಉಂಟು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರೆಂದು ಷೇರುಪೇಟೆಯ ನಿಯಂತ್ರಕ ಸೆಬಿ ಹೇಳಿದೆ. ಉಳಿದ ಏಳರಲ್ಲಿ ಆರು ಮಂದಿ ತನಗೆ ಪರಿಚಯವೆಂದು ಈತ ಹೇಳುತ್ತಾನೆ.

ಮೂವತ್ತರಲ್ಲಿ ಕಳೆದುಕೊಂಡವನಿಗೆ ಮುಂದಿನ ತಿಂಗಳ ಸಂಬಳವಿರುತ್ತದೆ. ಅರವತ್ತೆರಡರಲ್ಲಿ ಹಳ್ಳ ತುಂಬುವ ನೀರಿಲ್ಲ. ಆದ್ದರಿಂದ ಯಾವ ಷೇರು ಎಂಬುದಕ್ಕಿಂತ ಎಷ್ಟು ಹಣ ಎಂಬುದು ಮುಖ್ಯ. ಇದನ್ನು ಸರಿಯಾಗಿ ಅರಿತವಳು ಹೆಂಡತಿ. ಈತ ಮೊದಲ ಬಾರಿ, ಹಲವು ಪಟ್ಟು ಏರುವ ಷೇರಿಗೆ ಹೇಳುವ ‘ಮಲ್ಟಿಬ್ಯಾಗರ್’ ಎಂಬ ಪದ ಉಚ್ಚರಿಸಿದ ದಿನವೇ ಆಕೆ ಅಂಚೆ ಕಚೇರಿಗೆ ಕರೆದೊಯ್ದು, ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ಇಡಿಸುತ್ತಾಳೆ. 2023ರಲ್ಲಿ ಮಿತಿಯನ್ನು 15 ಲಕ್ಷದಿಂದ ಇಮ್ಮಡಿಗೊಳಿಸಿದ್ದು ಇಂಥ ಮನೆಗಳ ಪುಣ್ಯ. ಬಡ್ಡಿ 8.2 ಪರ್ಸೆಂಟ್ ಇದ್ದಾಗ ಇಟ್ಟದ್ದಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಅವಧಿ ಐದು ವರ್ಷ. ನಡುವೆ ಮುರಿದರೆ ದಂಡ. ವರ್ಷದೊಳಗೇ ಮುರಿದರೆ ಬಡ್ಡಿಯೇ ಇಲ್ಲ. ಬಡ್ಡಿಗಿಂತ ಆ ದಂಡವೇ ಆಕೆಗೆ ಹೆಚ್ಚು ಪ್ರಿಯ.

ಷೇರಾಟ ಪೂರ್ತಿ ನಿಲ್ಲಿಸಿದ ಮನೆಗಳಲ್ಲಿ ಈತ ಹೊತ್ತು ಹೋಗದೆ ಹನ್ನೊಂದು ಗಂಟೆಗೇ ಊಟಕ್ಕೆ ಕೂರುತ್ತಾನೆ. ಮಾರುಕಟ್ಟೆಯ ವೇಳೆ ಹೆಚ್ಚುಕಡಿಮೆ ಆಫೀಸಿನ ವೇಳೆಯೇ. ಅದಕ್ಕೂ ರಜಾಪಟ್ಟಿಯುಂಟು, ಅಲ್ಲಿ ದಿನಕ್ಕೊಂದು ತೀರ್ಮಾನ ಕೇಳುವವರುಂಟು. ಆದಕಾರಣ ವಿವೇಕಿಗಳಾದ ಹೆಂಡತಿಯರು ಬಡ್ಡಿ ಬಂದ ದಿನ ಅದರಲ್ಲೊಂದು ಪಾಲನ್ನು ಮಾತ್ರ ಮಂಜೂರು ಮಾಡುತ್ತಾರೆ. ಕರಗಿದರೆ ಮುಂದಿನ ಕಂತಿನವರೆಗೆ ಮರುಪೂರಣವಿಲ್ಲ; ಲಾಭ ಬಂದರೆ ಅರ್ಧ ಅಂಚೆ ಕಚೇರಿಗೆ. ಈತ ಅರ್ಜಿಯನ್ನು ಬಾಯಲ್ಲೇ ಸಲ್ಲಿಸುತ್ತಾನೆ, ಹಲವು ಸಲ ವಾಪಸ್ ಬರುತ್ತದೆ.

ವಹಿವಾಟು ನಿಂತುಹೋದ ಕಂಪನಿಗಳ ಷೇರುಗಳು ಮಾರಲಾಗದೆ ಡಿಮ್ಯಾಟ್‌ನಲ್ಲೇ ಉಳಿಯುತ್ತವೆ. ಖಾತೆಯ ವಾರ್ಷಿಕ ಶುಲ್ಕವನ್ನೂ ಮಂಜೂರಾದ ಆ ಪಾಲಿನಿಂದಲೇ ಕಟ್ಟಬೇಕು.